ಮೂರನೇ ಅಕ್ಷರ ಎಣಿಸು

ಸಂಜೆ ಏಳು ದಾಟಿತ್ತು. ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಪರದೆಯ ಮೇಲೆ ಮೂರು ಸಾಲು ಅಕ್ಷರಗಳು, ಒಂದರ ಕೆಳಗೊಂದು. ಸಮುದ್ರದ ಮೂರು ಬ್ಯಾಕ್ಟೀರಿಯಾಗಳಲ್ಲಿರುವ ಒಂದೇ ಪ್ರೋಟೀನು. ಒಂದೊಂದು ಅಕ್ಷರವೂ ಒಂದೊಂದು ಅಮೈನೊ ಆಮ್ಲ, ಪ್ರೋಟೀನಿನ ಸರದ ಒಂದೊಂದು ಮಣಿ. ಹೆಚ್ಚಿನ ಕಡೆ ಮೂರೂ ಸಾಲಿನಲ್ಲಿ ಒಂದೇ ಅಕ್ಷರ. ಆದರೆ ಅಲ್ಲಲ್ಲಿ ಮೇಲಿನ ಎರಡು ಸಾಲಿನಲ್ಲಿ ಆರ್, ಕೆಳಗಿನದರಲ್ಲಿ ಕೆ. ಸ್ವಲ್ಪ ಮುಂದೆ ಹೋದರೆ ಮತ್ತೆ ಆರ್, ಆರ್, ಕೆ. ಇನ್ನೊಂದು ಪ್ರೋಟೀನು ತೆರೆದೆ. ಅಲ್ಲೂ ಅದೇ. ಹತ್ತನೆಯದು ನೋಡುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆರ್ ಅಂದರೆ ಆರ್ಜಿನಿನ್. ಅದರಲ್ಲಿ ನಾಲ್ಕು ಸಾರಜನಕ ಪರಮಾಣುಗಳಿವೆ. ಕೆ ಅಂದರೆ ಲೈಸಿನ್. ಅದರಲ್ಲಿ ಎರಡೇ. ಎರಡಕ್ಕೂ ಧನ ವಿದ್ಯುದಂಶ ಇರುವುದರಿಂದ ಎಷ್ಟೋ ಜಾಗಗಳಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡಬಲ್ಲದು. ಕೆಳಗಿನ ಸಾಲಿನ ಜೀವಿ ಬದುಕುವುದು ಸಾರಜನಕಕ್ಕೆ ಬರ ಇರುವ ನೀರಿನಲ್ಲಿ. ಅಂದರೆ ಅದು ಒಂದೊಂದು ಪ್ರೋಟೀನಿನಲ್ಲೂ ಸಾರಜನಕ ಉಳಿಸುತ್ತಿದೆ! ನನಗೆ ಬೇರೆ ಯಾವ ವಿವರಣೆಯೂ ಬೇಕಿರಲಿಲ್ಲ. ರಾತ್ರಿಯೇ ಕೂತು ಎರಡು ಪುಟ ಬರೆದೆ.

ಮರುದಿನ ಮೇಡಂ ಆ ಎರಡು ಪುಟವನ್ನು ನಿಂತಲ್ಲೇ ಓದಿದರು. ಮೊದಲಿಂದ ಕೊನೆಯವರೆಗೆ, ನಿಧಾನವಾಗಿ. "ಚೆನ್ನಾಗಿದೆ" ಅಂದರು. ಆಮೇಲೆ ಕೇಳಿದರು: "ಮೂರನೇ ಅಕ್ಷರ ಎಣಿಸಿದೀಯಾ?"

"ಇಲ್ಲ ಮೇಡಂ."

"ಎಣಿಸು. ನಾಳೆ ಮಾತಾಡೋಣ."

ಇದು ನಡೆದು ವರ್ಷಗಳಾದವು. ಆ ಮೂರು ಮಾತು ಇನ್ನೂ ನನ್ನ ಜೊತೆಗಿದೆ. ಎರಡು ವಸ್ತು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಾಣುತ್ತದೆ. ಕಂಡ ತಕ್ಷಣ ಮನಸ್ಸು "ಯಾಕೆ" ಅಂತ ಕೇಳುತ್ತದೆ, ಉತ್ತರವನ್ನೂ ತಾನೇ ಕೊಟ್ಟುಕೊಳ್ಳುತ್ತದೆ. ಆ ಉತ್ತರ ಚೆಂದ ಇದ್ದಷ್ಟೂ ಅದನ್ನು ಬಿಡುವುದು ಕಷ್ಟ. ಜೀನೋಮ್‌ಗಳನ್ನು, ಅಂದರೆ ಜೀವಿಗಳ ಪೂರ್ತಿ ಡಿಎನ್‌ಎ ಬರಹಗಳನ್ನು, ಹೋಲಿಸುವ ಕೆಲಸದಲ್ಲಿ ದಿನಾ ಎದುರಾಗುವ ಪ್ರಶ್ನೆ ಇದೇ: ಈ ಬದಲಾವಣೆ ಜೀವಿಗೆ ಅನುಕೂಲವಾಯಿತು ಅಂತ ಉಳಿಯಿತೋ, ಅಥವಾ ಸುಮ್ನೆ ಆಗಿಹೋಯಿತೋ?

ಗದ್ದಲವೆಂದುಕೊಂಡ ಜೀವಿ

ಆ ಕೆಳಗಿನ ಸಾಲಿನ ಜೀವಿಯ ಹೆಸರು ಪ್ರೊಕ್ಲೋರೊಕಾಕಸ್. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಗಾತ್ರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.6 ಮೈಕ್ರೋಮೀಟರ್. ಪ್ರಪಂಚದ ಬೆಚ್ಚಗಿನ ಸಮುದ್ರಗಳಲ್ಲೆಲ್ಲ ಇದೆ. ನಮ್ಮ ಅರಬ್ಬಿ ಸಮುದ್ರದ ನಡುಭಾಗದಲ್ಲೂ ಇದೆ. ಒಟ್ಟು ಎಷ್ಟಿರಬಹುದು ಅಂದರೆ, ಒಂದರ ಮುಂದೆ 27 ಸೊನ್ನೆ ಹಾಕಿದರೆ ಬರುವ ಸಂಖ್ಯೆಯ ಆಸುಪಾಸು. ಇಷ್ಟಿದ್ದೂ 1980ರ ದಶಕದವರೆಗೆ ಇದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1985ರಲ್ಲಿ ರಾಬ್ ಓಲ್ಸನ್ ಮತ್ತು ಪೆನ್ನಿ ಚಿಸೋಮ್ ಅವರ ತಂಡ ಜೀವಕೋಶ ಎಣಿಸುವ ಯಂತ್ರವೊಂದನ್ನು ಹಡಗಿಗೆ ಒಯ್ದಿತ್ತು. ಯಂತ್ರದ ಅಂಚಿನಲ್ಲಿ ಸಣ್ಣ ಸಣ್ಣ ಕೆಂಪು ಮಿನುಗು. ಮೊದಲು ಅದು ಯಂತ್ರದ್ದೇ ಗದ್ದಲ ಅಂದುಕೊಂಡರು. ಆದರೆ ಆಳದ ನೀರು ಹಾಕಿದಂತೆಲ್ಲ ಆ ಮಿನುಗು ಒಂದು ಕ್ರಮದಲ್ಲಿ ಬದಲಾಗುತ್ತಿತ್ತು. ಯಂತ್ರದ ಗದ್ದಲಕ್ಕೆ ನೀರು ಎಷ್ಟು ಆಳದ್ದು ಅಂತ ಹೇಗೆ ಗೊತ್ತಾಗಬೇಕು? 1988ರಲ್ಲಿ ವರದಿ ಪ್ರಕಟವಾಯಿತು. ಈ ಕಥೆ ನನಗೆ ಬಹಳ ಇಷ್ಟ. ಅವರು ಗದ್ದಲವನ್ನು ಗದ್ದಲ ಅಂತ ತಳ್ಳಿಹಾಕಲಿಲ್ಲ. ನೋಡಿದ ಕೂಡಲೇ ಹೊಸ ಜೀವಿ ಅಂತಲೂ ಕೂಗಲಿಲ್ಲ. ಆಳ ಬದಲಿಸಿ ನೋಡಿದರು.

ನಮ್ಮ ಮಲ್ಪೆ ದಡದಲ್ಲಿ ಒಂದು ಬಾಟಲಿ ನೀರು ತುಂಬಿಕೊಂಡರೆ ಇದು ಸಿಗುತ್ತದೆ ಅಂತ ಭಾವಿಸಬೇಡಿ. ದಡದ ನೀರಿಗೆ ಹೊಳೆಗಳು ಗೊಬ್ಬರ, ಮಣ್ಣು ಎಲ್ಲ ತಂದು ಸುರಿಯುತ್ತವೆ. ಮಳೆಗಾಲದಲ್ಲಿ ಕೆಳಗಿನ ತಣ್ಣೀರು ಮೇಲೆ ಬಂದು ಪೋಷಕಾಂಶ ಇನ್ನೂ ಜಾಸ್ತಿಯಾಗುತ್ತದೆ. ಅಂಥ ಕಡೆ ಇದರ ದಾಯಾದಿ ಸಿನೆಕೊಕಾಕಸ್‌ನದ್ದೇ ಕಾರುಬಾರು. ಪ್ರೊಕ್ಲೋರೊಕಾಕಸ್ ನಿಜವಾಗಿ ರಾಜ್ಯವಾಳುವುದು ದೂರದ ನೀಲಿ ನೀರಿನಲ್ಲಿ, ಯಾರಿಗೂ ಸಾಲುವಷ್ಟು ಊಟವಿಲ್ಲದ ಕಡೆ. ನೀರು ಅಷ್ಟು ನೀಲಿಯಾಗಿ ಕಾಣುವುದೇ ಅಲ್ಲಿ ಬದುಕುವವರು ಕಡಿಮೆ ಅನ್ನುವ ಕಾರಣಕ್ಕೆ.

2003ರಲ್ಲಿ ಇದರ ಮೂರು ತಳಿಗಳ ಜೀನೋಮ್ ಓದಿ ಮುಗಿಸಿದರು. ಅದೇ ವರ್ಷ ಸಿನೆಕೊಕಾಕಸ್‌ನ ಡಬ್ಲ್ಯುಎಚ್8102 ತಳಿಯದ್ದೂ ಬಂತು. ಅಂದು ನನ್ನ ಪರದೆಯ ಮೇಲಿದ್ದದ್ದು ಇವುಗಳಲ್ಲಿ ಮೂರು. ಮೇಲೆ ಸಿನೆಕೊಕಾಕಸ್. ನಡುವೆ ಎಂಐಟಿ9313, ಇದು ಗಲ್ಫ್ ಸ್ಟ್ರೀಮಿನ 135 ಮೀಟರ್ ಆಳದಿಂದ ತಂದ ಪ್ರೊಕ್ಲೋರೊಕಾಕಸ್. ಕೆಳಗೆ ಮೆಡ್4, ಮೆಡಿಟರೇನಿಯನ್ ಸಮುದ್ರದ ಮೇಲ್ಪದರದ್ದು. ಮೆಡ್4ರ ಜೀನೋಮ್ ಬರೀ 16.6 ಲಕ್ಷ ಅಕ್ಷರ. ಜೀನುಗಳು ಸುಮಾರು 1,700. ಗಾಳಿ, ಬೆಳಕು, ನೀರು, ಅದರಲ್ಲಿ ಕರಗಿದ ಒಂದಿಷ್ಟು ಲವಣ ಇಷ್ಟನ್ನೇ ಇಟ್ಟುಕೊಂಡು ಬದುಕು ಕಟ್ಟುವ ಜೀವಿಗೆ ಇದು ತೀರಾ ಸಣ್ಣ ಗಂಟು.

ಪಿಲಿ ಮತ್ತು ಹುಲಿ

ಇಲ್ಲಿ ಸ್ವಲ್ಪ ಬದಿಗೆ ಹೋಗುತ್ತೇನೆ. ಆದರೆ ವಿಷಯ ಇದೇ.

ನಾನು ಬೆಳೆದದ್ದು ಉಡುಪಿಯಲ್ಲಿ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತುಳು. ವಿಟ್ಲಪಿಂಡಿ ಹಬ್ಬದ ದಿನ ಹುಲಿವೇಷದವರ ತಾಸೆಯ ಪೆಟ್ಟು ಕೇಳಿದರೆ ಸಾಕು, ಪಕ್ಕದ ಮನೆಯ ನನ್ನ ಗೆಳತಿ "ಪಿಲಿ ಬತ್ತ್ಂಡ್" ಅಂತ ಕೂಗಿಕೊಂಡು ಬೀದಿಗೆ ಓಡುತ್ತಿದ್ದಳು. ನಾನು ಹಿಂದಿನಿಂದ "ಪಿಲಿ ಅಲ್ಲ, ಹುಲಿ" ಅಂತ ತಿದ್ದುತ್ತಾ ಓಡುತ್ತಿದ್ದೆ. ಹುಲಿ ಅನ್ನುವುದೇ ಸರಿ, ಇವಳು ಅದನ್ನು ಕೆಡಿಸಿ ಪಿಲಿ ಮಾಡಿದ್ದಾಳೆ ಅಂತ ನನ್ನ ಗಟ್ಟಿ ನಂಬಿಕೆ. ಆರನೇ ಕ್ಲಾಸಿನಲ್ಲಿ ಈ ಜಗಳ ಶಾಲೆಗೂ ಹೋಯಿತು. ನಮ್ಮ ಕನ್ನಡ ಟೀಚರ್ ಇಬ್ಬರನ್ನೂ ಗದರಲಿಲ್ಲ. ಕರಿಹಲಗೆ ಒರೆಸಿ ನಾಲ್ಕು ಸಾಲು ಬರೆದರು. ತಮಿಳು: ಪುಲಿ, ಪಾಲ್, ಪೂ. ತೆಲುಗು: ಪುಲಿ, ಪಾಲು, ಪುವ್ವು. ತುಳು: ಪಿಲಿ, ಪೇರ್, ಪೂ. ಕನ್ನಡ: ಹುಲಿ, ಹಾಲು, ಹೂ. "ಈಗ ನೋಡಿ, ಬದಲಾದದ್ದು ಯಾರು?" ಅಂದರು. ಮೂವರು ಪಕಾರ ಇಟ್ಟುಕೊಂಡಿದ್ದಾರೆ, ನಾವೊಬ್ಬರೇ ಹಕಾರ. ಆಮೇಲೆ ಐದನೇ ಸಾಲು ಬರೆದರು. ಹಳಗನ್ನಡ: ಪುಲಿ, ಪಾಲ್, ಪೂ. ಗೆಳತಿ ನನ್ನ ಕಡೆ ತಿರುಗಿ ನಕ್ಕ ನಗು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಹಲಗೆ ನಾನು ಕಂಡ ಮೊದಲ ಅಲೈನ್‌ಮೆಂಟ್. ನಾವು ಇವತ್ತು ಮಾಡುವುದೂ ಅದನ್ನೇ. ಅಕ್ಕತಂಗಿಯರನ್ನು ಸಾಲಾಗಿ ನಿಲ್ಲಿಸಿ, ಯಾವ ಕಂಬದಲ್ಲಿ ಯಾರೊಬ್ಬರ ಅಕ್ಷರ ಬೇರೆ ಅಂತ ನೋಡಿ, ಅವರ ಅಜ್ಜಿಯ ಬಾಯಲ್ಲಿ ಏನಿದ್ದಿರಬೇಕು ಅಂತ ಊಹಿಸುತ್ತೇವೆ. ಸಮುದ್ರದ ಜೀವಿಗಳಿಗೆ ಶಾಸನವಿಲ್ಲ, ಓಲೆಗರಿಯಿಲ್ಲ. ಮೆತ್ತಗಿನ ಒಂದು ಕೋಶ ಕಲ್ಲಿನಲ್ಲಿ ಗುರುತು ಬಿಟ್ಟು ಹೋಗುವುದೂ ಕಷ್ಟ. ಇವತ್ತು ಬದುಕಿರುವವರ ಮಾತಿನಿಂದಲೇ ಹಿಂದಿನವರ ಮಾತು ಕಟ್ಟಬೇಕು.

ಆದರೆ ಆ ಹಲಗೆಯಲ್ಲಿ ಇನ್ನೊಂದು ಪಾಠ ಇತ್ತು. ಅದು ನನಗೆ ಅರ್ಥವಾದದ್ದು ಮೇಡಂ ಆ ಪ್ರಶ್ನೆ ಕೇಳಿದ ಮೇಲೆ. ಪಾಲು ಹಾಲಾದದ್ದಕ್ಕೆ ಕಾರಣವನ್ನು ಹಾಲಿನಲ್ಲಿ ಹುಡುಕಿದರೆ ಸಿಗುತ್ತದಾ? ಹುಲಿಗೆ ಹಕಾರ ಬಂದದ್ದು ಅದರ ಉಸಿರಿನ ಸದ್ದಿಗೆ ಹೊಂದುತ್ತದೆ ಅಂತ, ಹೂವಿಗೆ ಬಂದದ್ದು ಅದು ಮೆತ್ತಗಿದೆ ಅಂತ, ಹೀಗೆ ಒಂದೊಂದು ಪದಕ್ಕೂ ಒಂದೊಂದು ಚೆಂದದ ಕಥೆ ಕಟ್ಟಬಹುದು. ಎಲ್ಲವೂ ಸುಳ್ಳು. ಒಂದು ಕಾಲದಲ್ಲಿ ಇಡೀ ಕನ್ನಡದ ಮೇಲೆ ಒಂದೇ ಗಾಳಿ ಬೀಸಿತು. ಪದದ ಮೊದಲಿಗಿದ್ದ ಪಕಾರಗಳೆಲ್ಲ ಆ ಕಡೆಗೆ ವಾಲಿದವು. ಅರ್ಥ ಯಾವುದು ಅಂತ ಗಾಳಿ ಕೇಳಲಿಲ್ಲ.

ಗಾಳಿ ಯಾವ ಕಡೆಗೆ

ಮೇಡಂ ಎಣಿಸಲು ಹೇಳಿದ್ದು ಈ ಗಾಳಿಯನ್ನೇ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಡಿಎನ್‌ಎಯಲ್ಲಿ ಮೂರು ಮೂರು ಅಕ್ಷರ ಸೇರಿ ಒಂದು ಅಮೈನೊ ಆಮ್ಲ ಆಗುವುದು ಶಾಲೆಯಲ್ಲಿ ಓದಿರುತ್ತೀರಿ. ಎಷ್ಟೋ ಕಡೆ ಮೂರನೇ ಅಕ್ಷರ ಏನಿದ್ದರೂ ಪ್ರೋಟೀನಿಗೆ ವ್ಯತ್ಯಾಸವಾಗುವುದಿಲ್ಲ. ಜಿಜಿಎ, ಜಿಜಿಟಿ, ಜಿಜಿಸಿ, ಜಿಜಿಜಿ ಈ ನಾಲ್ಕೂ ಗ್ಲೈಸಿನ್ನೇ. ಹೀಗಾಗಿ ಮೂರನೇ ಅಕ್ಷರಕ್ಕೆ ಪ್ರೋಟೀನಿನ ಹಂಗು ಕಡಿಮೆ. ಗಾಳಿ ಬೀಸುತ್ತಿದ್ದರೆ ಮೊದಲು ಅಲುಗುವ ಎಲೆ ಅದೇ. ನಾನು ಎಣಿಸಿದೆ. ಮೆಡ್4ರಲ್ಲಿ ಮೂರನೇ ಅಕ್ಷರ ಎಲ್ಲಿ ನೋಡಿದರೂ ಎ, ಟಿ, ಎ, ಎ, ಟಿ. ಜಿ ಮತ್ತು ಸಿ ಹುಡುಕಿದರೂ ಅಪರೂಪ. ಆಮೇಲೆ ಇಡೀ ಜೀನೋಮ್ ನೋಡಿದೆ. ಸಿನೆಕೊಕಾಕಸ್‌ನಲ್ಲಿ ಜಿ ಮತ್ತು ಸಿ ಸೇರಿ ಶೇಕಡಾ 59ರಷ್ಟು, ಎಂಐಟಿ9313ರಲ್ಲಿ 50.7. ಮೆಡ್4ರಲ್ಲಿ ಬರೀ 30.8. ಈ ಅಂಕಿಗಳು ಮೊದಲೇ ಪ್ರಕಟವಾಗಿದ್ದವು. ನಾನೂ ಓದಿದ್ದೆ. ಆದರೆ ನನ್ನ ಆರ್ ಮತ್ತು ಕೆಗಳಿಗೂ ಅದಕ್ಕೂ ನಂಟು ಹಾಕಿ ನೋಡಿರಲಿಲ್ಲ.

ಆರ್ಜಿನಿನ್ ಬರೆಯುವ ಒಂದು ವಿಧ ಎಜಿಎ. ನಡುವಿನ ಜಿ ಹೋಗಿ ಎ ಬಂದರೆ ಎಎಎ. ಅದು ಲೈಸಿನ್. ಅಷ್ಟೇ, ಒಂದು ಅಕ್ಷರ. ಇಡೀ ಜೀನೋಮ್ ಎ ಮತ್ತು ಟಿ ಕಡೆಗೆ ವಾಲುತ್ತಿದ್ದರೆ, ಯಾರೂ ಸಾರಜನಕದ ಲೆಕ್ಕ ಇಡದೇ ಇದ್ದರೂ, ಆರ್ಜಿನಿನ್‌ಗಳು ತಾವಾಗಿ ಲೈಸಿನ್‌ಗಳಾಗುತ್ತಾ ಹೋಗುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಈ ವಾಲುವಿಕೆ ವಿಶೇಷವೇನಲ್ಲ. ಡಿಎನ್‌ಎಯ ಸಿ ಅಕ್ಷರ ನೀರಿನಲ್ಲಿ ತಾನೇ ತಾನಾಗಿ ಒಂದು ಗುಂಪು ಕಳೆದುಕೊಂಡರೆ ಮುಂದೆ ಟಿ ಅಂತಲೇ ಓದಿಸಿಕೊಳ್ಳುತ್ತದೆ. ಹಾಗಾದಾಗ ತಿದ್ದುವ ರಿಪೇರಿ ಪ್ರೋಟೀನುಗಳು ಕೋಶದಲ್ಲಿರುತ್ತವೆ. ಪ್ರೊಕ್ಲೋರೊಕಾಕಸ್ ತನ್ನ ಗಂಟು ಸಣ್ಣದು ಮಾಡಿಕೊಳ್ಳುವಾಗ ರಿಪೇರಿಯ ಕೆಲವು ಜೀನುಗಳನ್ನೂ ಕಳೆದುಕೊಂಡಿದೆ. ತಿದ್ದುವವರು ಕಡಿಮೆಯಾದರೆ ಗಾಳಿ ಇನ್ನೂ ಜೋರು.

ನನ್ನ ಎರಡು ಪುಟ ಬಿದ್ದುಹೋಯಿತು. ಆ ದಿನ ಊಟ ಸೇರಲಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಈ ವಿಷಯದ ಬಗ್ಗೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಆ ದಿನವೇ. ಅಲ್ಲಿಯವರೆಗೆ ಪರದೆ ನನಗೆ ಬೇಕಾದ ಕಥೆ ಹೇಳುತ್ತಿತ್ತು. ಅಂದು ಮೊದಲ ಸಲ ಅದು ನನಗೆ ಎದುರು ಮಾತಾಡಿತು.

ಆಳದ ತಂಗಿ

ಮರುದಿನ ಮೇಡಂ ಹತ್ತಿರ ಹೋಗಿ ಎಲ್ಲ ಸುಳ್ಳಾಯಿತು ಅಂದೆ. ಅವರು ಒಪ್ಪಲಿಲ್ಲ. "ಯಾವುದು ಸುಳ್ಳಾಯಿತು? ಗಾಳಿ ಇದೆ ಅಂತ ಗೊತ್ತಾಯಿತು. ಗಾಳಿ ಯಾಕೆ ಬೀಸಿತು ಅಂತ ಕೇಳಿದೀಯಾ?" ಅಂದರು. ಆಮೇಲೆ ಒಂದು ಲೆಕ್ಕ ಬರೆದು ತೋರಿಸಿದರು. ಡಿಎನ್‌ಎಯಲ್ಲಿ ಎ-ಟಿ ಜೋಡಿಯಲ್ಲಿ ಏಳು ಸಾರಜನಕ. ಜಿ-ಸಿ ಜೋಡಿಯಲ್ಲಿ ಎಂಟು. ಅಂದರೆ ಜಿ-ಸಿ ಬಿಟ್ಟು ಎ-ಟಿ ಇಟ್ಟುಕೊಂಡರೆ ಡಿಎನ್‌ಎಯಲ್ಲೇ ಸಾರಜನಕ ಉಳಿಯುತ್ತದೆ! ಹಾಗಾದರೆ ಗಾಳಿಯೂ ಉಳಿತಾಯದ ಗಾಳಿಯೇ ಇರಬಹುದಲ್ವಾ? ನನಗೆ ತಲೆ ತಿರುಗಿತು. ಗಾಳಿ ಮತ್ತು ಉಳಿತಾಯ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತಿವೆ. ಒಂದರ ಎಳೆತ ಎಷ್ಟು, ಇನ್ನೊಂದರದ್ದು ಎಷ್ಟು ಅಂತ ಬಿಡಿಸುವುದು ಹೇಗೆ?

ಇಲ್ಲಿಯೇ ಹೋಲಿಕೆಯ ಬೆಲೆ ಗೊತ್ತಾಗುವುದು. ಮೂವರಿಂದ ಬಿಡಿಸಲಾಗದ್ದು ನಾಲ್ಕನೆಯವಳು ಬಂದರೆ ಬಿಡಿಸಿಕೊಳ್ಳಬಹುದು. ಎಂಐಟಿ9313 ಆಳದ್ದು. ಆಳದಲ್ಲಿ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗಿದ ಸಾರಜನಕದ ಒಂದು ರೂಪ, ಜಾಸ್ತಿ. ಅದರಲ್ಲಿ ಜಿ-ಸಿಯೂ ಜಾಸ್ತಿ. ಮೆಡ್4 ಮೇಲಿನದು. ಅಲ್ಲಿ ಸಾರಜನಕಕ್ಕೆ ಬರ. ಜಿ-ಸಿ ಕಡಿಮೆ. ಇವೆರಡನ್ನೇ ನೋಡಿದರೆ ಉಳಿತಾಯದ ಕಥೆ ಪಕ್ಕಾ. ಈಗ ಎಸ್‌ಎಸ್120 ಅನ್ನುವ ತಳಿಯನ್ನು ಸಾಲಿಗೆ ಸೇರಿಸಿ. 2003ರಲ್ಲಿ ಓದಿದ ಮೂರರಲ್ಲಿ ಇದೂ ಒಂದು. ಸರ್ಗಾಸೊ ಸಮುದ್ರದ 120 ಮೀಟರ್ ಆಳದ್ದು. ಆಳದ್ದು ಅಂದಮೇಲೆ ಜಿ-ಸಿ ಜಾಸ್ತಿ ಇರಬೇಕು. ಇಲ್ಲ, ಶೇಕಡಾ 36.4. ಮೆಡ್4ಕ್ಕೆ ಹತ್ತಿರ. ವಂಶವೃಕ್ಷ ಬರೆದು ನೋಡಿದರೆ ಎಸ್‌ಎಸ್120 ರಕ್ತಸಂಬಂಧದಲ್ಲೂ ಮೆಡ್4ಕ್ಕೇ ಹತ್ತಿರ. ಎಂಐಟಿ9313ರ ಕವಲು ಮೊದಲೇ ಬೇರೆಯಾಗಿದೆ. ಅಂದರೆ ಜೀನೋಮ್ ಚಿಕ್ಕದಾಗಿದ್ದು, ಎ-ಟಿ ಕಡೆ ವಾಲಿದ್ದು ಇವರಿಬ್ಬರ ಅಜ್ಜಿಯ ಕಾಲದಲ್ಲಿ ಶುರುವಾಗಿರಬೇಕು. ಮೊಮ್ಮಕ್ಕಳಲ್ಲಿ ಒಬ್ಬಳು ಮೇಲೆ ಬಂದಳು, ಒಬ್ಬಳು ಕೆಳಗೇ ಉಳಿದಳು. ಇಬ್ಬರೂ ಮನೆತನದ ಮುಖವನ್ನು ಹೊತ್ತುಕೊಂಡಿದ್ದಾರೆ. ಇಂದು ಎಲ್ಲಿ ವಾಸವಿದ್ದಾರೆ ಅನ್ನುವುದಷ್ಟೇ ಮುಖಕ್ಕೆ ಕಾರಣವಲ್ಲ.

ಹಾಗಂತ ಉಳಿತಾಯದ ಮಾತು ಮುಗಿದುಹೋಯಿತಾ? ಅದೂ ಇಲ್ಲ. 2012ರಲ್ಲಿ ಗ್ರಿಮ್‌ಸ್ಕಿ ಮತ್ತು ಡುಸ್ಸಾಕ್ ಎಂಬವರು ದಡದ ಹತ್ತಿರದ ಮತ್ತು ನಡುಗಡಲಿನ ಬ್ಯಾಕ್ಟೀರಿಯಾಗಳ ಪ್ರೋಟೀನುಗಳನ್ನು ಒಟ್ಟಿಗೆ ಅಳೆದರು. ನಡುಗಡಲಿನವರ ಪ್ರೋಟೀನುಗಳಲ್ಲಿ ಸಾರಜನಕದ ಖರ್ಚು ಕಡಿಮೆ ಇತ್ತು. 2020ರಲ್ಲಿ ಲಿಯಾಟ್ ಶೆನ್‌ಹಾವ್ ಮತ್ತು ಡೇವಿಡ್ ಝೀವಿ ಬೇರೆ ದಾರಿ ಹಿಡಿದರು. ಅವರು ನೋಡಿದ್ದು ತಳಿ-ತಳಿಗಳ ನಡುವಿನ ಹಳೆಯ ವ್ಯತ್ಯಾಸವಲ್ಲ. ಒಂದೇ ಕಡೆಯ ನೀರಿನಲ್ಲಿ ಈಗ ಓಡಾಡುತ್ತಿರುವ ಹೊಸ ಬದಲಾವಣೆಗಳನ್ನು. ನೈಟ್ರೇಟ್ ಕಡಿಮೆ ಇರುವ ನೀರಿನಲ್ಲಿ, ಪ್ರೋಟೀನಿನ ಖರ್ಚು ಹೆಚ್ಚಿಸುವ ಬದಲಾವಣೆಗಳು ಜಾಸ್ತಿ ಕಟ್ಟುನಿಟ್ಟಾಗಿ ಸೋಸಿಹೋಗುತ್ತಿವೆ ಅಂತ ಅವರಿಗೆ ಕಂಡಿತು. ಅದೇ ಬರಹದಲ್ಲಿ ಅವರು ಇನ್ನೂ ಒಂದು ದೊಡ್ಡ ಮಾತು ಹೇಳಿದ್ದರು. ಮೂರು ಅಕ್ಷರಕ್ಕೆ ಒಂದು ಅಮೈನೊ ಆಮ್ಲ ಅನ್ನುವ ಕೋಷ್ಟಕವೇ ಉಳಿತಾಯಕ್ಕೆ ತಕ್ಕಂತೆ ಇದೆ ಅಂತ. ಅದಕ್ಕೆ ಬೇರೆ ಗುಂಪುಗಳು ತಕರಾರು ತೆಗೆದವು. ಹೋಲಿಕೆಗೆ ಇಟ್ಟುಕೊಂಡ ಅಳತೆಗೋಲು ಬದಲಿಸಿದರೆ ಆ ಫಲಿತಾಂಶ ನಿಲ್ಲುವುದಿಲ್ಲ ಅಂದವು. ನನ್ನ ಅಭಿಪ್ರಾಯ ಕೇಳಿದರೆ, ನೀರಿನ ಬಗ್ಗೆ ಅವರು ಹೇಳಿದ್ದು ನನಗೆ ನಂಬಿಕೆಯಾಗುತ್ತದೆ. ಕೋಷ್ಟಕದ ಬಗ್ಗೆ ಹೇಳಿದ್ದು ಇನ್ನೂ ನಂಬಿಕೆಯಾಗಿಲ್ಲ. ಪ್ರೊಕ್ಲೋರೊಕಾಕಸ್‌ನಂಥ ಜೀವಿ ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿದೆ. ಅಷ್ಟು ದೊಡ್ಡ ಜನಸಂಖ್ಯೆಯಲ್ಲಿ ಎಳ್ಳಷ್ಟು ಅನುಕೂಲವೂ ಆಕಸ್ಮಿಕದಲ್ಲಿ ಕೊಚ್ಚಿಹೋಗುವ ಸಂಭವ ಕಡಿಮೆ. ಎರಡು ಪರಮಾಣುಗಳ ಉಳಿತಾಯ ನಮಗೆ ಸಣ್ಣದು. ಅಲ್ಲಿಗೆ ಅದು ಸಣ್ಣದಲ್ಲದೇ ಇರಬಹುದು.

ನೂರೈದನೇ ಜಾಗ

ಎಲ್ಲ ಪ್ರಶ್ನೆಯೂ ಹೀಗೆ ಗೋಜಲು ಅಂದುಕೊಂಡು ನೀವು ಎದ್ದು ಹೋಗಬಾರದು. ಕೆಲವೊಮ್ಮೆ ಸಮುದ್ರ ನೇರವಾಗಿ ಉತ್ತರ ಕೊಡುತ್ತದೆ. ನಾನು ಹತಾಶಳಾದಾಗಲೆಲ್ಲ ನೆನೆಸಿಕೊಳ್ಳುವುದು ಪ್ರೋಟಿಯೋರೊಡಾಪ್ಸಿನ್ ಎಂಬ ಪ್ರೋಟೀನನ್ನು. 2000ನೇ ಇಸವಿಯಲ್ಲಿ ಓಡೆಡ್ ಬೇಜಾ, ಎಡ್ ಡಿಲಾಂಗ್ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನಿಂದ ನೇರವಾಗಿ ಡಿಎನ್‌ಎ ತೆಗೆದು ಓದುವಾಗ ಇದು ಸಿಕ್ಕಿತು. ಲ್ಯಾಬಿನಲ್ಲಿ ಬೆಳೆಸಿಯೇ ಇರದ ಒಂದು ಬ್ಯಾಕ್ಟೀರಿಯಾದ ಜೀನು. ಅದನ್ನು ಲ್ಯಾಬುಗಳಲ್ಲಿ ಬೆಳೆಸುವ ಇ.ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ, ರೆಟಿನಲ್ ಕೊಟ್ಟರೆ, ಕೋಶಗಳಿಗೆ ಕೆಂಪು ಬಣ್ಣ ಬಂತು. ಬೆಳಕು ಬಿಟ್ಟರೆ ಪ್ರೋಟಾನುಗಳನ್ನು ಹೊರಗೆ ತಳ್ಳತೊಡಗಿದವು. ಅಂದರೆ ಎಲೆಹಸಿರು ಇಲ್ಲದೆಯೂ ಬೆಳಕಿನಿಂದ ಶಕ್ತಿ. ರೆಟಿನಲ್ ಅಂದರೆ ವಿಟಮಿನ್ ಎ ಮನೆತನದ್ದು. ನುಗ್ಗೆಸೊಪ್ಪು ತಿನ್ನು, ಕಣ್ಣಿಗೆ ಒಳ್ಳೆಯದು ಅಂತ ಅಮ್ಮ ಬಡಿಸುತ್ತಿದ್ದದ್ದು ಇದಕ್ಕೇ. ನಮ್ಮ ಕಣ್ಣಿನ ಪರದೆಯಲ್ಲಿ ಬೆಳಕು ಹಿಡಿಯುವ ಅದೇ ಅಣು ಆ ಬ್ಯಾಕ್ಟೀರಿಯಾದಲ್ಲೂ ಬೆಳಕು ಹಿಡಿಯುತ್ತದೆ.

ಹವಾಯಿ ಬಳಿ 75 ಮೀಟರ್ ಆಳದ ನೀರಿನಲ್ಲಿ ಇದೇ ಪ್ರೋಟೀನಿನ ಇನ್ನೊಂದು ರೂಪ ಸಿಕ್ಕಿತು. ಮಾಂಟೆರೆಯದ್ದು ಹಸಿರು ಬೆಳಕನ್ನು, ಸುಮಾರು 525 ನ್ಯಾನೋಮೀಟರಿನದ್ದನ್ನು, ಹೀರುತ್ತದೆ. ಹವಾಯಿಯ ಆಳದ್ದು ನೀಲಿಯನ್ನು, ಸುಮಾರು 490. ಕೊಲ್ಲಿಯ ಕದಡಿದ ನೀರಿನಲ್ಲಿ ಉಳಿಯುವುದು ಹಸಿರು ಬೆಳಕು. ನಡುಗಡಲಿನ ಆಳಕ್ಕೆ ಇಳಿಯುವುದು ನೀಲಿ. ಅಲ್ಲಿಗೆ ತಕ್ಕ ಬಣ್ಣ! ಅನುಭವ ಆಗಿರುವ ನನ್ನಂಥವರು ಇಲ್ಲಿ ಸ್ವಲ್ಪ ತಡೆಯುತ್ತಾರೆ. ಇದೂ ಚೆಂದದ ಕಥೆಯೇ ಇರಬಹುದಲ್ಲ? ಎರಡೂ ರೂಪಗಳನ್ನು ಸಾಲಾಗಿ ಇಟ್ಟರೆ ಅನೇಕ ಕಡೆ ವ್ಯತ್ಯಾಸ ಕಾಣುತ್ತದೆ. ಬಣ್ಣ ಬದಲಿಸಿದ್ದು ಯಾವುದು? 2003ರಲ್ಲಿ ಬೇಜಾ ಅವರ ಗುಂಪು 105ನೇ ಜಾಗಕ್ಕೆ ಬೆರಳಿಟ್ಟು ತೋರಿಸಿತು. ಹಸಿರಿನದರಲ್ಲಿ ಅಲ್ಲಿ ಲ್ಯೂಸಿನ್. ನೀಲಿಯದರಲ್ಲಿ ಗ್ಲುಟಮಿನ್. ಅವರು ಬರೀ ನೋಡಿ ಸುಮ್ಮನಾಗಲಿಲ್ಲ. ಹಸಿರಿನ ಪ್ರೋಟೀನಿನಲ್ಲಿ ಆ ಒಂದು ಅಮೈನೊ ಆಮ್ಲ ಬದಲಿಸಿದರು. ಅದು ನೀಲಿಯ ಕಡೆ ಸರಿಯಿತು. ನೀಲಿಯದರಲ್ಲಿ ತಿರುಗುಮುರುಗು ಮಾಡಿದರು. ಹಸಿರಿನ ಕಡೆ ಬಂತು. ಸುಮಾರು 250 ಮಣಿಗಳ ಸರದಲ್ಲಿ ಒಂದೇ ಒಂದು ಮಣಿ.

ಇಲ್ಲಿ ಗಾಳಿಯ ಲೆಕ್ಕ ಮಾಡಿ ನೋಡಿ. ನಾನು ಮಾಡಿದ್ದೇನೆ. ಲ್ಯೂಸಿನ್ ಬರೆಯುವ ಒಂದು ವಿಧ ಸಿಟಿಎ. ಗ್ಲುಟಮಿನ್ ಸಿಎಎ. ನಡುವಿನ ಟಿ ಹೋಗಿ ಎ ಬಂತು. ಟಿ ಮತ್ತು ಎ ಎರಡೂ ಒಂದೇ ಪಕ್ಷದವು. ಜಿ-ಸಿಯ ಲೆಕ್ಕ ಇದ್ದಷ್ಟೇ ಇತ್ತು. ಎ-ಟಿ ಕಡೆ ಬೀಸುವ ಗಾಳಿಗೆ ಈ ಬದಲಾವಣೆಯಿಂದ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಉಳಿತಾಯ ಅನ್ನೋಣ ಅಂದರೆ ಲ್ಯೂಸಿನ್‌ನಲ್ಲಿ ಒಂದು ಸಾರಜನಕ, ಗ್ಲುಟಮಿನ್‌ನಲ್ಲಿ ಎರಡು. ಬಡ ನೀರಿನಲ್ಲಿ ಬದುಕುವ ಜೀವಿ ಇಲ್ಲಿ ಖರ್ಚು ಹೆಚ್ಚಿಸಿಕೊಂಡಿದೆ! ಮೇಲಾಗಿ, ವಂಶವೃಕ್ಷದಲ್ಲಿ ಈ ಬದಲಾವಣೆ ಒಂದೇ ಸಲ ಆದದ್ದಲ್ಲ. ಬೇರೆ ಬೇರೆ ಕವಲುಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಮತ್ತೆ ಮತ್ತೆ ಆಗಿದೆ. ಸುಮ್ನೆ ಆಗಿಹೋಗುವಂಥದ್ದು ಇಷ್ಟು ಸಲ ಒಂದೇ ಜಾಗದಲ್ಲಿ, ನೀರಿನ ಬಣ್ಣ ನೋಡಿಕೊಂಡು ಆಗುವುದಿಲ್ಲ.

ಕದಲದ ಅಕ್ಷರ

ಈಗ ನಾನು ಅಲೈನ್‌ಮೆಂಟ್ ತೆರೆದರೆ ಮೊದಲಿನ ಹಾಗೆ ಬದಲಾದ ಜಾಗಗಳಿಗೆ ಕಣ್ಣು ಹಾಯಿಸುವುದಿಲ್ಲ. ಬದಲಾಗಬಹುದಾಗಿದ್ದೂ ಆಗದೇ ಉಳಿದದ್ದನ್ನು ಹುಡುಕುತ್ತೇನೆ. ಕನ್ನಡದಲ್ಲೂ ಎಲ್ಲ ಪಕಾರ ಹೋಗಲಿಲ್ಲ ನೋಡಿ. ಉಪ್ಪು ಉಪ್ಪಾಗಿಯೇ ಉಳಿಯಿತು. ಅಪ್ಪ, ತುಪ್ಪ, ಕಪ್ಪು ಎಲ್ಲ ಹಾಗೇ ಇವೆ. ಒತ್ತಕ್ಷರದ ಬಲ ಇದ್ದ ಕಡೆ ಗಾಳಿಯ ಆಟ ನಡೆಯಲಿಲ್ಲ. ಎಲ್ಲಿ ಉಳಿಯಿತು ಅಂತ ನೋಡಿದರೆ ಏನು ಹಿಡಿದುಕೊಂಡಿತ್ತು ಅಂತ ಗೊತ್ತಾಗುತ್ತದೆ.

ಮೆಡ್4ರಲ್ಲಿ ಆರ್ಜಿನಿನ್‌ಗಳ ಮೇಲೆ ಎರಡು ಕಡೆಯಿಂದ ಒತ್ತಡ ಇದೆ. ಗಾಳಿಯದ್ದು ಒಂದು, ಬಹುಶಃ ಬಡತನದ್ದು ಇನ್ನೊಂದು. ಅಷ್ಟಾದರೂ ಕೆಲವು ಆರ್ಜಿನಿನ್‌ಗಳು ಕದಲಿಲ್ಲ. ಅವುಗಳಲ್ಲಿ ಒಂದನ್ನು ನಾನು ಆಗಾಗ ಸುಮ್ನೆ ತೆರೆದು ನೋಡುತ್ತೇನೆ. ಎಟಿಪಿ ಸಿಂಥೇಸ್ ಎಂಬ ಯಂತ್ರ ನಿಮಗೆ ಗೊತ್ತಿರುತ್ತದೆ. ಜೀವಕೋಶದ ಶಕ್ತಿಯ ಚಿಲ್ಲರೆಯಾದ ಎಟಿಪಿಯನ್ನು ಟಂಕಿಸುವುದು ಅದೇ. ಅದರ ತಲೆಯಲ್ಲಿ ಮೂರು ಆಲ್ಫಾ, ಮೂರು ಬೀಟಾ ತುಂಡುಗಳು ಕಿತ್ತಳೆಯ ತೊಳೆಗಳ ಹಾಗೆ ಒಂದು ಬಿಟ್ಟು ಒಂದು ಕೂತಿವೆ. ಎಟಿಪಿ ತಯಾರಾಗುವುದು ಬೀಟಾದಲ್ಲಿ. ಆದರೆ ಪಕ್ಕದ ಆಲ್ಫಾದಿಂದ ಒಂದು ಆರ್ಜಿನಿನ್ ಬೆರಳು ಚಾಚಿ ಎಟಿಪಿಯ ಫಾಸ್ಫೇಟನ್ನು ಮುಟ್ಟುತ್ತದೆ. ಅದಕ್ಕೆ ಆರ್ಜಿನಿನ್ ಬೆರಳು ಅಂತಲೇ ಹೆಸರು. ಇ.ಕೋಲಿಯಲ್ಲಿ ಇದು 376ನೇ ಜಾಗ. ಅಲ್ಲಿ ಬೇರೆ ಅಮೈನೊ ಆಮ್ಲ ಹಾಕಿ ನೋಡಿದ್ದಾರೆ. ಯಂತ್ರ ಬಹುತೇಕ ನಿಂತೇ ಹೋಗುತ್ತದೆ.

ಆ ಕಂಬವನ್ನು ಪರದೆಯ ಮೇಲೆ ತಂದರೆ ಸಿನೆಕೊಕಾಕಸ್‌ನಲ್ಲಿ ಆರ್. ಎಂಐಟಿ9313ರಲ್ಲಿ ಆರ್. ಎಸ್‌ಎಸ್120ರಲ್ಲಿ ಆರ್. ಮೆಡ್4ರಲ್ಲೂ ಆರ್. ಕೆಳಗೆ ಇ.ಕೋಲಿ ಸೇರಿಸಿದರೆ ಆರ್. ಮನುಷ್ಯರದ್ದು ಸೇರಿಸಿದರೂ ಆರ್. ಆರ್ಜಿನಿನ್ ಬರೆಯಲು ಆರು ವಿಧಗಳಿವೆ. ಜಿ-ಸಿ ಜಾಸ್ತಿ ಇರುವ ಮನೆತನದವರು ಸಿಜಿಸಿಯಂಥ ಕಾಗುಣಿತ ಇಷ್ಟಪಡುತ್ತಾರೆ. ಎ-ಟಿ ಕಡೆ ವಾಲಿದವರು ಎಜಿಎ ಬರೆಯುತ್ತಾರೆ. ಗಾಳಿಗೆ ಕಾಗುಣಿತ ಬಾಗಬಹುದು, ಬಾಗುತ್ತದೆ. ಪದ ಮಾತ್ರ ಅದೇ.

ಎಜಿಎಯಿಂದ ಎಎಎಗೆ ಒಂದೇ ಹೆಜ್ಜೆ. ಅಷ್ಟು ಕೋಶಗಳಲ್ಲಿ, ಅಷ್ಟು ಕಾಲದಲ್ಲಿ, ಆ ಹೆಜ್ಜೆ ಇಟ್ಟವರು ಲೆಕ್ಕವಿಲ್ಲದಷ್ಟು ಇದ್ದಿರಬೇಕು. ಅವರ ಮಕ್ಕಳು ಯಾರೂ ನಮ್ಮ ಸಾಲಿಗೆ ಬಂದಿಲ್ಲ. ನಡುಗಡಲಿನಲ್ಲಿ, ಒಂದೊಂದು ಸಾರಜನಕಕ್ಕೂ ತತ್ವಾರ ಇರುವ ನೀರಿನಲ್ಲಿ, ಇವತ್ತು ಮಧ್ಯಾಹ್ನದ ಬಿಸಿಲಿಗೆ ತೇಲುತ್ತಿರುವ ಪ್ರತಿಯೊಂದು ಪ್ರೊಕ್ಲೋರೊಕಾಕಸ್ ಕೂಡ ಆ ಜಾಗದಲ್ಲಿ ನಾಲ್ಕು ಸಾರಜನಕವನ್ನು ಖರ್ಚು ಮಾಡಿಯೇ ಮಾಡುತ್ತದೆ.